ಡಾಕ್ಟರಿಕೆಯ ಜೊತೆಗೆ ಪಿಎಚ್‌ಡಿ: ದುಡ್ಡು ಎಲ್ಲಿಂದ, ಯಾವಾಗ?

ವೈದ್ಯ ಪದವಿಯ ಜೊತೆಗೆ ಸಂಶೋಧನಾ ಪದವಿಯನ್ನೂ ಪಡೆಯಬೇಕೆನ್ನುವವರಿಂದ, ಅವರ ತಂದೆತಾಯಿಗಳಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಆರನ್ನು ಆರಿಸಿಕೊಂಡಿದ್ದೇವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಬೆಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಎರಡನೇ ವರ್ಷದ ಎಂಬಿಬಿಎಸ್ ಓದುತ್ತಿದ್ದೇನೆ. ರೋಗಿ ನೋಡುವುದನ್ನೂ ಬಿಡಬಾರದು, ಲ್ಯಾಬನ್ನೂ ಬಿಡಬಾರದು ಎಂಬ ಆಸೆ. ಅಮೆರಿಕದಲ್ಲಿ ಎಂಡಿ-ಪಿಎಚ್‌ಡಿಗೆ ಸೇರಿದರೆ ಕೊನೆಯವರೆಗೂ ಫೀಸು, ಸ್ಟೈಪೆಂಡ್ ಎರಡೂ ಸಿಗುತ್ತದಂತೆ. ನಮ್ಮಲ್ಲಿ ಅಂಥದ್ದು ಇದೆಯೇ?
— ವಿದ್ಯಾರ್ಥಿನಿ, ಚಾಮರಾಜಪೇಟೆ

ಉತ್ತರ: ಮೊದಲು ಹೆಸರಿನ ಗೊಂದಲ ಬಿಡಿಸೋಣ. ಅಮೆರಿಕದ ಎಂಡಿ ಎಂದರೆ ನಮ್ಮ ಎಂಬಿಬಿಎಸ್‌ನ ಮಟ್ಟದ ಮೊದಲ ವೈದ್ಯ ಪದವಿ. ನಮ್ಮ ಎಂಡಿ ಅದಾದ ಮೇಲಿನ ಸ್ಪೆಷಾಲಿಟಿ. ಹಾಗಾಗಿ ಅಲ್ಲಿನ ಎಂಡಿ-ಪಿಎಚ್‌ಡಿ ಎಂದರೆ, ಹೆಚ್ಚುಕಡಿಮೆ, ಎಂಬಿಬಿಎಸ್ ನಡುವೆ ಪಿಎಚ್‌ಡಿ ಮುಗಿಸಿ ಮತ್ತೆ ವಾರ್ಡಿಗೆ ಮರಳಿದ ಹಾಗೆ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಅಂದರೆ ಎನ್‌ಐಎಚ್, 1964ರಿಂದ ಇದಕ್ಕೆಂದೇ ವೈದ್ಯಕೀಯ ಕಾಲೇಜುಗಳಿಗೆ ತರಬೇತಿ ಅನುದಾನ ಕೊಡುತ್ತಿವೆ. ದುಡ್ಡು ಕಾಲೇಜಿಗೆ ಬರುತ್ತದೆ, ಕಾಲೇಜು ವಿದ್ಯಾರ್ಥಿಯನ್ನು ಸಾಕುತ್ತದೆ.

ನಮ್ಮಲ್ಲಿ ಹಣ ತುಂಡುತುಂಡಾಗಿ ಬರುತ್ತದೆ. ಎಂಬಿಬಿಎಸ್ ಓದುವಾಗ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ, ಅಂದರೆ ಐಸಿಎಂಆರ್‌ನ, ಅಲ್ಪಾವಧಿ ವಿದ್ಯಾರ್ಥಿವೇತನ, ಅಂದರೆ ಎಸ್‌ಟಿಎಸ್. ಎಂಡಿ ಮಾಡುವಾಗ ರೆಸಿಡೆಂಟ್ ಸ್ಟೈಪೆಂಡ್, ಜೊತೆಗೆ ಬೇಕಿದ್ದರೆ ಥೀಸಿಸ್‌ಗೆ ಐಸಿಎಂಆರ್ ನೆರವು. ಪಿಎಚ್‌ಡಿ ಮಾಡುವಾಗ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್. ಆಮೇಲೆ ಇಂಡಿಯಾ ಅಲೈಯನ್ಸ್‌ನಂಥ ಸ್ವತಂತ್ರ ಫೆಲೋಶಿಪ್. ಎಸ್‌ಟಿಎಸ್ ಬಿಟ್ಟರೆ ಒಂದೊಂದು ತುಂಡೂ ಬದುಕಲು ಸಾಕಾಗುವಷ್ಟಿದೆ. ಜನ ಎಡವುವುದು ತುಂಡು ತುಂಡಿನ ನಡುವಿನ ಸಂದಿನಲ್ಲಿ. ಇಂಟರ್ನ್‌ಶಿಪ್ ಮುಗಿದು ಪಿಎಚ್‌ಡಿ ಶುರುವಾಗುವವರೆಗಿನ ಆರೆಂಟು ತಿಂಗಳಿಗೆ ಯಾವ ಯೋಜನೆಯೂ ಕಾಸು ಕೊಡುವುದಿಲ್ಲ. ಆ ತಿಂಗಳುಗಳ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ.

ಎಂಡಿ, ಪಿಎಚ್‌ಡಿ ಎರಡಕ್ಕೂ ಒಟ್ಟಿಗೆ ಸೇರಿಬಿಡುತ್ತೇನೆ ಎಂದುಕೊಳ್ಳಬೇಡಿ. ಏಕಕಾಲಕ್ಕೆ ಎರಡು ಪದವಿ ಮಾಡಬಹುದು ಎಂದು ಯುಜಿಸಿ 2022ರ ಏಪ್ರಿಲ್‌ನಲ್ಲಿ ಹೇಳಿದ್ದು ನಿಜ. ಆದರೆ ಅದೇ ಮಾರ್ಗಸೂಚಿ ಪಿಎಚ್‌ಡಿಯನ್ನು ಹೊರಗಿಟ್ಟಿದೆ. ಸಂಸ್ಥೆಯೇ ಸಂಯೋಜಿತ ಕೋರ್ಸ್ ಎಂದು ರೂಪಿಸಿದ್ದರೆ ಮಾತು ಬೇರೆ. ಐಐಎಸ್‌ಸಿ ತನ್ನ ಆವರಣದಲ್ಲಿ ಸ್ನಾತಕೋತ್ತರ ವೈದ್ಯಕೀಯ ಶಾಲೆಯನ್ನೂ 832 ಹಾಸಿಗೆಯ ಬಾಗ್ಚಿ-ಪಾರ್ಥಸಾರಥಿ ಆಸ್ಪತ್ರೆಯನ್ನೂ ಯೋಜಿಸಿದ್ದು ಇಂಥ ಸಂಯೋಜಿತ ಎಂಡಿ-ಪಿಎಚ್‌ಡಿಯನ್ನು ಮನಸ್ಸಿನಲ್ಲಿಟ್ಟುಕೊಂಡೇ. ಆಸ್ಪತ್ರೆಗೆ 2022ರಲ್ಲಿ 425 ಕೋಟಿ ರೂಪಾಯಿ ದಾನ ಘೋಷಣೆಯಾಯಿತು. ನೀವು ಇಂಟರ್ನ್‌ಶಿಪ್ ಮುಗಿಸುವ ಹೊತ್ತಿಗೆ ಅಲ್ಲಿನ ಪ್ರವೇಶ ಪ್ರಕಟಣೆಯನ್ನು ನೋಡಲೇಬೇಕು.

ಎಂಬಿಬಿಎಸ್ ಆದ ತಕ್ಷಣ ನೇರ ಪಿಎಚ್‌ಡಿಗೂ ದಾರಿಯಿದೆ. ಜೆಆರ್‌ಎಫ್‌ಗೆ ಆರಿಸುವ ಸಿಎಸ್‌ಐಆರ್-ಯುಜಿಸಿ ನೆಟ್ ಪರೀಕ್ಷೆ ಬರೆಯಲು ಎಂಬಿಬಿಎಸ್ ಸಾಕು. ಸಾಮಾನ್ಯ ವರ್ಗಕ್ಕೆ 55, ಪರಿಶಿಷ್ಟರಿಗೆ 50 ಪ್ರತಿಶತ ಅಂಕ ಬೇಕು. ಜಿಕೆವಿಕೆ ಆವರಣದ ರಾಷ್ಟ್ರೀಯ ಜೈವಿಕ ವಿಜ್ಞಾನ ಕೇಂದ್ರ, ಅಂದರೆ ಎನ್‌ಸಿಬಿಎಸ್, ಜೆಜಿಇಇಬಿಐಎಲ್‌ಎಸ್ ಎಂಬ ಪ್ರವೇಶ ಪರೀಕ್ಷೆಯ ಮೂಲಕ ವೈದ್ಯ ಪದವೀಧರರನ್ನೂ ತೆಗೆದುಕೊಳ್ಳುತ್ತದೆ. ಆದರೂ, ರೋಗಿಯನ್ನು ಬಿಡಬಾರದು ಎಂಬುದು ನಿಮ್ಮ ಗಟ್ಟಿ ಮನಸ್ಸಾದರೆ ಎಂಡಿ ಮೊದಲು ಎನ್ನುವುದು ನಮ್ಮ ಸಲಹೆ. ಐದು ವರ್ಷ ಪಿಪೆಟ್ ಹಿಡಿದ ಕೈಗೆ ಮತ್ತೆ ನೀಟ್-ಪಿಜಿ ಪುಸ್ತಕ ಭಾರವಾಗುತ್ತದೆ.

ಇನ್ನೊಂದು ಮಾತು. ನಿಮ್ಮ ಸೀಟಿಗೆ ಸೇವಾ ಕರಾರು ಇದ್ದರೆ ಮೂಲ ಅಂಕಪಟ್ಟಿ, ಪದವಿ ಪತ್ರ ಯಾರ ಬಳಿ ಉಳಿಯುತ್ತವೆ ಎಂದು ಕಾಲೇಜು ಕಚೇರಿಯಲ್ಲಿ ಈಗಲೇ ಕೇಳಿಟ್ಟುಕೊಳ್ಳಿ. ಪಿಎಚ್‌ಡಿ ಪ್ರವೇಶದ ದಿನ ಮೂಲ ದಾಖಲೆ ತೋರಿಸಲಾಗದೆ ಸೀಟು ಕೈತಪ್ಪಿದರೆ ಫೆಲೋಶಿಪ್ ಪತ್ರ ಬರೀ ಕಾಗದ.

ಪ್ರಶ್ನೆ: ಎಸ್‌ಟಿಎಸ್‌ಗೆ ಕಳಿಸಿದ ನನ್ನ ಪ್ರಸ್ತಾವ ತಿರಸ್ಕೃತವಾಯಿತು. 'ಅವಧಿಗೆ ತಕ್ಕುದಲ್ಲ' ಎಂದಷ್ಟೇ ಗೈಡ್ ಹೇಳಿದರು. ವಿಷಯ: ಒಪಿಡಿಗೆ ಬರುವ ಸಕ್ಕರೆ ಕಾಯಿಲೆಯವರಲ್ಲಿ ಪಾದದ ನರದ ತೊಂದರೆ ಎಷ್ಟು ಎಂಬುದು. ಎಲ್ಲಿ ತಪ್ಪಿದೆ?
— ಮೂರನೇ ವರ್ಷದ ವಿದ್ಯಾರ್ಥಿ, ವಿಜಯನಗರ

ಉತ್ತರ: ವಿಷಯದಲ್ಲಿ ತಪ್ಪಿಲ್ಲ, ಲೆಕ್ಕದಲ್ಲಿ ಇರಬಹುದು. ಎಸ್‌ಟಿಎಸ್ 1979ರಿಂದ ನಡೆದುಬಂದಿರುವ ಯೋಜನೆ, ಕೆಲಸದ ಅವಧಿ ಎರಡೇ ತಿಂಗಳು. ಭಾನುವಾರ, ಇತರ ರಜೆ ಕಳೆದರೆ ಕೈಯಲ್ಲಿ ಉಳಿಯುವುದು ಸುಮಾರು 48 ದಿನ. ಈಗ ಎಷ್ಟು ಜನರನ್ನು ಪರೀಕ್ಷಿಸಬೇಕೆಂದು ತಿಳಿಯಲು ಸಮುದಾಯ ವೈದ್ಯಕೀಯದಲ್ಲಿ ಕಲಿತ 'ಫೋರ್ ಪಿಕ್ಯೂ ಬೈ ಡಿ ಸ್ಕ್ವೇರ್' ಸೂತ್ರವನ್ನು ತೆಗೆದುಕೊಳ್ಳಿ. ಹಿಂದಿನ ಅಧ್ಯಯನಗಳ ಪ್ರಕಾರ ತೊಂದರೆ ಇರುವವರು 30 ಪ್ರತಿಶತ ಎಂದಿಟ್ಟುಕೊಳ್ಳೋಣ. ಪಿ 30, ಕ್ಯೂ ಉಳಿದ 70, ಡಿ ಎಂದರೆ ಉತ್ತರ ಎಷ್ಟು ಅಂಶ ಆಚೀಚೆ ಆಗಬಹುದು ಎಂಬುದು. ಐದು ಅಂಶದ ನಿಖರತೆ ಬೇಕೆಂದರೆ 4 × 30 × 70 ÷ 25, ಅಂದರೆ 336 ಜನ. ದಿನಕ್ಕೆ ಏಳು ಮಂದಿ. ಒಬ್ಬರಿಗೆ ಒಪ್ಪಿಗೆ ಪತ್ರ ವಿವರಿಸಿ ಸಹಿ ಪಡೆಯಲು ಹತ್ತು ನಿಮಿಷ, ಪಾದದ ಸ್ಪರ್ಶ, ಕಂಪನ ನೋಡುವ ಮೋನೋಫಿಲಮೆಂಟ್, ಟ್ಯೂನಿಂಗ್ ಫೋರ್ಕ್ ಪರೀಕ್ಷೆಗೆ ಹದಿನೈದು ನಿಮಿಷ. ದಿನಕ್ಕೆ ಮೂರು ಗಂಟೆ ಆಯಿತು. ಕ್ಲಾಸಿಗೆ ಯಾವಾಗ ಹೋಗುತ್ತೀರಿ? ಹತ್ತು ಅಂಶದ ನಿಖರತೆ ಸಾಕೆಂದರೆ 84 ಜನ, ದಿನಕ್ಕೆ ಇಬ್ಬರು. ಇದು ಎರಡು ತಿಂಗಳಲ್ಲಿ ಆಗುವ ಕೆಲಸ. ನಿಖರತೆ ಏಕೆ ಕಡಿಮೆ ಇಟ್ಟುಕೊಂಡಿರಿ ಎಂಬುದನ್ನು ಎರಡು ಸಾಲಿನಲ್ಲಿ ಬರೆದರೆ ಪರಿಶೀಲಕರು ಆಕ್ಷೇಪಿಸುವುದು ಕಡಿಮೆ. 336 ಎಂದು ಬರೆದು 'ಎರಡು ತಿಂಗಳಲ್ಲಿ ಮುಗಿಸುತ್ತೇವೆ' ಎಂದರೆ ಅವರು ನಂಬುವುದಿಲ್ಲ, ನಂಬಲೂಬಾರದು.

ಪ್ರಸ್ತಾವದ ಒಳಗೆ ನಿಮ್ಮ ಹೆಸರು, ಗೈಡ್ ಹೆಸರು, ಕಾಲೇಜಿನ ಹೆಸರು ಎಲ್ಲೂ ಬರಕೂಡದು. 'ನಮ್ಮ ಆಸ್ಪತ್ರೆಯ ಒಪಿಡಿ' ಎಂದು ಬರೆಯುವ ಕಡೆ 'ಬೋಧನಾ ಆಸ್ಪತ್ರೆಯ ಒಪಿಡಿ' ಎಂದು ಬರೆಯಿರಿ. ಇದೊಂದೇ ಕಾರಣಕ್ಕೆ ಒಳ್ಳೆಯ ಪ್ರಸ್ತಾವಗಳು ಮೂಲೆ ಸೇರುತ್ತವೆ.

ನೈತಿಕ ಸಮಿತಿಯ ಅನುಮತಿಗೆ ಆಯ್ಕೆ ಪಟ್ಟಿ ಬರಲಿ ಎಂದು ಕಾಯಬೇಡಿ. ಸಮಿತಿ ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ಸೇರುತ್ತದೆ. ಒಂದು ಸಭೆ ತಪ್ಪಿದರೆ ಕೆಲಸದ ಅರ್ಧ ಅವಧಿ ಹೋಯಿತು. ಸಮಿತಿ ಕೇಂದ್ರ ಆರೋಗ್ಯ ಸಂಶೋಧನಾ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂಬುದನ್ನೂ ವಿಚಾರಿಸಿ. ಮತ್ತೆ, ಈ ವಿದ್ಯಾರ್ಥಿವೇತನ ಕೈಗೆ ಬರುವುದು ವರದಿ ಸಲ್ಲಿಸಿ ಅದು ಒಪ್ಪಿಗೆಯಾದ ಮೇಲೆ. ಪ್ರಶ್ನಾವಳಿಯ ಜೆರಾಕ್ಸು, ಓಡಾಟದ ಖರ್ಚು ಅಲ್ಲಿಯವರೆಗೆ ನಿಮ್ಮ ಜೇಬಿನದೇ.

ಪ್ರಶ್ನೆ: ಎಂಡಿ ಮುಗಿದಿದೆ. ಬೆಂಗಳೂರಿನಲ್ಲೇ ಪಿಎಚ್‌ಡಿ ಮಾಡಬೇಕೆಂದಿದ್ದೇನೆ. ಜೆಆರ್‌ಎಫ್ ಹಣದಲ್ಲಿ ಸಂಸಾರ ನಡೆಯುತ್ತದೆಯೇ? ಸಂಜೆ ನರ್ಸಿಂಗ್ ಹೋಮ್‌ನಲ್ಲಿ ಡ್ಯೂಟಿ ಮಾಡಬಹುದೇ?
— ವೈದ್ಯರು, ಯಲಹಂಕ

ಉತ್ತರ: 2023ರ ಜನವರಿ 1ರಿಂದ ಜೆಆರ್‌ಎಫ್ ತಿಂಗಳಿಗೆ 37,000 ರೂಪಾಯಿ. ಎರಡು ವರ್ಷವಾದ ಮೇಲೆ ಮೌಲ್ಯಮಾಪನ ಪಾಸಾದರೆ ಹಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಎಸ್‌ಆರ್‌ಎಫ್, 42,000. ಇದರ ಮೇಲೆ ಮನೆ ಬಾಡಿಗೆ ಭತ್ಯೆ. ಬೆಂಗಳೂರು ಎಕ್ಸ್ ದರ್ಜೆಯ ನಗರವಾದ್ದರಿಂದ ಅತಿ ಹೆಚ್ಚಿನ ದರ ಇಲ್ಲಿಗೆ ಅನ್ವಯ. ನಿಮ್ಮ ಆದೇಶದಲ್ಲಿ 30 ಪ್ರತಿಶತ ಎಂದಿದ್ದರೆ 11,100 ಸೇರಿ 48,100 ರೂಪಾಯಿ. ಎಸ್‌ಆರ್‌ಎಫ್ ಆದ ಮೇಲೆ 54,600. ಸಂಸ್ಥೆಯ ಹಾಸ್ಟೆಲ್‌ನಲ್ಲಿ ಉಳಿದರೆ ಭತ್ಯೆ ಇಲ್ಲ. ಹಾಸ್ಟೆಲ್ ಬೇಡವೆನ್ನುವವರು 'ವಸತಿ ಒದಗಿಸಿಲ್ಲ' ಎಂಬ ಪತ್ರವನ್ನು ವಾರ್ಡನ್ ಕಚೇರಿಯಿಂದ ಸೇರಿದ ವಾರವೇ ಪಡೆಯಿರಿ. ಈ ಪತ್ರ ತಡವಾದರೆ ಭತ್ಯೆಯೂ ತಡ.

ಎಂಡಿ ಆದವರು ಗಮನಿಸಬೇಕಾದ ವಿಷಯ ಇನ್ನೊಂದಿದೆ. ಕೇಂದ್ರದ ಸಂಶೋಧನಾ ಯೋಜನೆಗಳಲ್ಲಿ ರಿಸರ್ಚ್ ಅಸೋಸಿಯೇಟ್ ಹುದ್ದೆಗೆ ಪಿಎಚ್‌ಡಿಯಷ್ಟೇ ಎಂಡಿ, ಎಂಎಸ್ ಕೂಡ ಅರ್ಹತೆ. ಮೊದಲ ಹಂತಕ್ಕೆ 58,000, ಎರಡನೆಯದಕ್ಕೆ 61,000, ಮೂರನೆಯದಕ್ಕೆ 67,000, ಭತ್ಯೆ ಬೇರೆ. ಕಾಗದದ ಮೇಲೆ ಜೆಆರ್‌ಎಫ್‌ಗಿಂತ ಇದು ಎಷ್ಟೋ ವಾಸಿ. ಆದರೆ ಅದು ಪ್ರಾಜೆಕ್ಟಿನ ಹುದ್ದೆ. ಪ್ರಾಜೆಕ್ಟ್ ಮುಗಿದ ದಿನ ಸಂಬಳವೂ ಮುಗಿಯುತ್ತದೆ, ನಿಮ್ಮ ಪಿಎಚ್‌ಡಿ ಆಗ ಅರ್ಧದಲ್ಲಿರುತ್ತದೆ. ಜೆಆರ್‌ಎಫ್ ನಿಮ್ಮ ಹೆಸರಿನಲ್ಲಿದ್ದು ಎಸ್‌ಆರ್‌ಎಫ್ ಸೇರಿ ಐದು ವರ್ಷದವರೆಗೆ ನಡೆಯುತ್ತದೆ. ನಿಮ್ಮ ಮನೆಯಲ್ಲಿ ಎರಡನೇ ಸಂಬಳ ಇದ್ದರೆ ಜೆಆರ್‌ಎಫ್. ಇಲ್ಲದಿದ್ದರೆ ಕನಿಷ್ಠ ಮೂರು ವರ್ಷ ಬಾಕಿಯಿರುವ ಪ್ರಾಜೆಕ್ಟ್. ಪ್ರಾಜೆಕ್ಟ್ ಮಂಜೂರಾತಿ ಪತ್ರದ ಪ್ರತಿ ಕೇಳಿ ಕೊನೆಯ ದಿನಾಂಕ ನೋಡುವುದಕ್ಕೆ ಸಂಕೋಚ ಬೇಡ. ಆ ಹುದ್ದೆಯಲ್ಲಿದ್ದು ಪಿಎಚ್‌ಡಿ ನೋಂದಣಿ ಮಾಡಿಸಲು ವಿಶ್ವವಿದ್ಯಾಲಯ ಒಪ್ಪುತ್ತದೆಯೇ ಎಂಬುದನ್ನು ಬರಹದಲ್ಲಿ ಪಡೆಯಿರಿ.

ಹಣ ತಡವಾಗುತ್ತದೆ ಎಂಬ ದೂರು ಎಲ್ಲ ಕಡೆ ಇದೆ. ಯುಜಿಸಿ ಫೆಲೋಗಳ ಹಣ ಕೆನರಾ ಬ್ಯಾಂಕಿನ ಪೋರ್ಟಲ್ ಮೂಲಕ ಬರುತ್ತದೆ. ಪ್ರತಿ ತಿಂಗಳೂ ವಿಶ್ವವಿದ್ಯಾಲಯದ ಒಬ್ಬ ಸಿಬ್ಬಂದಿ 'ಮೇಕರ್' ಆಗಿ ನಿಮ್ಮ ಹಾಜರಾತಿ ನಮೂದಿಸಬೇಕು, ಇನ್ನೊಬ್ಬರು 'ಚೆಕರ್' ಆಗಿ ಒಪ್ಪಬೇಕು. ಅವರಲ್ಲಿ ಒಬ್ಬರು ರಜೆ ಹಾಕಿದರೂ ಆ ತಿಂಗಳು ನಿಮ್ಮ ಖಾತೆ ಖಾಲಿ. ಆ ಇಬ್ಬರು ಯಾರು ಎಂದು ತಿಳಿದುಕೊಳ್ಳಿ, ತಿಂಗಳ ಕೊನೆಯ ವಾರ ಹೋಗಿ ಮುಖ ತೋರಿಸಿ ಬನ್ನಿ. ದೆಹಲಿಗೆ ಮೇಲ್ ಮೇಲೆ ಮೇಲ್ ಬರೆಯುವುದಕ್ಕಿಂತ ಇದು ಬೇಗ ಫಲ ಕೊಡುತ್ತದೆ. ಖಾತೆಗೆ ಆಧಾರ್ ಜೋಡಣೆಯಾಗಿದೆಯೇ, ಹೆಸರಿನ ಇನಿಷಿಯಲ್ ಎರಡೂ ಕಡೆ ಒಂದೇ ರೀತಿ ಇದೆಯೇ ಎಂಬುದನ್ನೂ ನೋಡಿ. ಅಪ್ಪನ ಹೆಸರನ್ನು ಒಂದು ಕಡೆ ಒಂದಕ್ಷರದಲ್ಲಿ, ಇನ್ನೊಂದು ಕಡೆ ಪೂರ್ತಿ ಬರೆಯುವ ನಮ್ಮ ಅಭ್ಯಾಸ ಇಲ್ಲಿ ಚೆನ್ನಾಗಿಯೇ ಕಾಡುತ್ತದೆ.

ಸಂಜೆ ಡ್ಯೂಟಿ: ಮಾಡಬೇಡಿ. ಪೂರ್ಣಾವಧಿ ಫೆಲೋಶಿಪ್ ಪಡೆಯುವಾಗ ಬೇರೆ ಸಂಬಳದ ಕೆಲಸ ಮಾಡುವುದಿಲ್ಲ ಎಂದು ಸೇರುವಾಗಲೇ ಮುಚ್ಚಳಿಕೆ ಬರೆದುಕೊಟ್ಟಿರುತ್ತೀರಿ. ಸಿಕ್ಕಿಬಿದ್ದರೆ ಪಡೆದ ಹಣ ವಾಪಸು ಕಟ್ಟಬೇಕಾಗಬಹುದು. ಕೈ ಪಳಗಿರಬೇಕೆಂಬುದೇ ಉದ್ದೇಶವಾದರೆ, ನಿಮ್ಮ ಸಂಶೋಧನೆಗೆ ಸಂಬಂಧಿಸಿದ ಒಪಿಡಿಯಲ್ಲಿ ವಾರಕ್ಕೊಂದು ದಿನ, ಸಂಬಳವಿಲ್ಲದೆ, ಸಂಸ್ಥೆಯ ಲಿಖಿತ ಅನುಮತಿಯೊಂದಿಗೆ ಕೂರಬಹುದು.

ಪ್ರಶ್ನೆ: ಮಗಳು ಅಮೆರಿಕದಲ್ಲಿ ಎಂಡಿ-ಪಿಎಚ್‌ಡಿ ಮೂರನೇ ವರ್ಷದಲ್ಲಿದ್ದಾಳೆ. ಎಫ್30 ಫೆಲೋಶಿಪ್‌ಗೆ ಅರ್ಜಿ ಹಾಕಬೇಕು ಎನ್ನುತ್ತಾಳೆ. ಕಾಲೇಜೇ ದುಡ್ಡು ಕೊಡುತ್ತಿರುವಾಗ ಇದೇಕೆ? ಭಾರತದ ಪಾಸ್‌ಪೋರ್ಟ್ ಇದ್ದವರಿಗೂ ಸಿಗುತ್ತದೆಯೇ?
— ನಿವೃತ್ತ ಉಪನ್ಯಾಸಕರು, ಬಸವನಗುಡಿ

ಉತ್ತರ: ಎರಡನೇ ಪ್ರಶ್ನೆಗೆ ಮೊದಲು. ಮಗಳು ವಿದ್ಯಾರ್ಥಿ ವೀಸಾದಲ್ಲಿದ್ದರೆ ಎಫ್30 ಸಿಗುವುದಿಲ್ಲ. ಇದು ಎನ್‌ಐಎಚ್ ಕೊಡುವ ಫೆಲೋಶಿಪ್. ಅಮೆರಿಕದ ಪ್ರಜೆಗಳಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಮಾತ್ರ. ಪಾಸ್‌ಪೋರ್ಟ್ ಭಾರತದ್ದಾಗಿದ್ದು ಗ್ರೀನ್ ಕಾರ್ಡ್ ಇದ್ದರೆ ಅಡ್ಡಿಯಿಲ್ಲ. ವೀಸಾದಲ್ಲಿರುವವರು ನೋಡಬೇಕಾದ್ದು ಖಾಸಗಿ ಸಂಸ್ಥೆಗಳ ಕಡೆ. ಸಂಶೋಧನೆ ಹೃದಯ, ರಕ್ತನಾಳ, ಪಾರ್ಶ್ವವಾಯುವಿಗೆ ತಾಗುವಂತಿದ್ದರೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಪಿಎಚ್‌ಡಿ ಹಂತದ ಫೆಲೋಶಿಪ್‌ಗೆ ವಿದ್ಯಾರ್ಥಿ ವೀಸಾದವರೂ ಅರ್ಜಿ ಹಾಕಬಹುದು.

ಇದೇಕೆ ಎಂದರೆ, ಹೆಚ್ಚು ಹಣಕ್ಕಾಗಿ ಅಲ್ಲ. ಎನ್‌ಐಎಚ್ ನಿಗದಿಪಡಿಸಿದ ಸ್ಟೈಪೆಂಡ್ 2024ರಲ್ಲಿ ವರ್ಷಕ್ಕೆ 28,224 ಡಾಲರ್ ಇತ್ತು; ಅದು ಸಾಲದೆ ಅನೇಕ ಕಾಲೇಜುಗಳು ತಾವೇ ಮೇಲೆ ಸೇರಿಸುತ್ತವೆ. ಫೀಸಿಗೆ 60 ಪ್ರತಿಶತ ಕೊಡುತ್ತಾರೆ, ಆದರೆ ಜೋಡಿ ಪದವಿಯವರಿಗೆ ವರ್ಷಕ್ಕೆ 21,000 ಡಾಲರ್ ಮಿತಿ. ಫೀಸು 50,000 ಡಾಲರ್ ಆದರೆ 60 ಪ್ರತಿಶತ ಎಂದರೆ 30,000. ಸಿಗುವುದು 21,000 ಮಾತ್ರ, ಉಳಿದ 29,000 ಕಾಲೇಜಿನ ಹೆಗಲಿಗೆ. ಹಾಗಿದ್ದರೂ ಕಾಲೇಜು ಒತ್ತಾಯಿಸುವುದು, ಮಗಳು ಸ್ವಂತ ಫೆಲೋಶಿಪ್ ತಂದರೆ ಅವಳಿಗೆ ಖರ್ಚಾಗುತ್ತಿದ್ದ ಹಣ ಇನ್ನೊಬ್ಬ ವಿದ್ಯಾರ್ಥಿಗೆ ಒದಗುತ್ತದೆ ಎಂದು. ಅವಳಿಗೋ, ಮುಂದೆ ಪ್ರಾಧ್ಯಾಪಕಿಯಾಗಲು ಹೊರಟಾಗ 'ಅನುದಾನ ಬರೆದು ಗೆದ್ದವಳು' ಎಂಬ ದಾಖಲೆ. ಗೆದ್ದರೆ ಪಿಎಚ್‌ಡಿಯೂ ಉಳಿದ ವೈದ್ಯ ಶಿಕ್ಷಣವೂ ಸೇರಿ ಆರು ವರ್ಷದವರೆಗೆ ನೆರವು. ಸೇವೆ ಮಾಡಿ ತೀರಿಸಬೇಕೆಂಬ ಕರಾರಿಲ್ಲ.

ಕಾಲದ ಲೆಕ್ಕ ಬಿಗಿಯಾದದ್ದು. ಜೋಡಿ ಪದವಿಗೆ ಸೇರಿ 48 ತಿಂಗಳು ಮೀರುವ ಮೊದಲೇ ಮೊದಲ ಅರ್ಜಿ ಹೋಗಿರಬೇಕು. ವಾಡಿಕೆಯ ಗಡುವುಗಳು ಏಪ್ರಿಲ್ 8, ಆಗಸ್ಟ್ 8, ಡಿಸೆಂಬರ್ 8. ಮೂರನೇ ವರ್ಷದಲ್ಲಿರುವವರಿಗೆ ಉಳಿದಿರುವುದು ಬೆರಳೆಣಿಕೆಯ ಅವಕಾಶಗಳು. ಎನ್‌ಐಎಚ್‌ನ ಎಲ್ಲ ಅಂಗಸಂಸ್ಥೆಗಳೂ ಎಫ್30 ಕೊಡುವುದಿಲ್ಲ. ಹಾಗಾಗಿ ಬರೆಯಲು ಕೂರುವ ಮುಂಚೆ ಚಾಲ್ತಿಯಲ್ಲಿರುವ ಪ್ರಕಟಣೆ ಓದಿ, ತನ್ನ ವಿಷಯಕ್ಕೆ ಹೊಂದುವ ಅಂಗಸಂಸ್ಥೆಯ ಕಾರ್ಯಕ್ರಮಾಧಿಕಾರಿಗೆ ಸಂಶೋಧನೆಯ ಗುರಿಗಳನ್ನು ಹೇಳುವ ಒಂದು ಪುಟದ ಗುರಿಪತ್ರ ಕಳಿಸಿ ಕೇಳುವುದು ಕ್ರಮ.

ಎಲ್ಲಿ ಸೋಲುತ್ತಾರೆ? ಆ ಒಂದು ಪುಟದ ಗುರಿಪತ್ರದಲ್ಲೇ. ಗುರಿ ಎರಡು ನಿಲ್ಲುವುದು ಗುರಿ ಒಂದರ ಫಲಿತಾಂಶದ ಮೇಲೆ ಎಂದಾದರೆ ಪರಿಶೀಲಕ ಅಲ್ಲೇ ಪೆನ್ನು ಇಳಿಸುತ್ತಾನೆ. ಉದಾಹರಣೆಗೆ, 'ಮೊದಲು ಇಲಿಯಲ್ಲಿ ಈ ಪ್ರೋಟೀನ್ ಇಲ್ಲದಾಗಿಸುತ್ತೇನೆ, ಆಮೇಲೆ ಆ ಇಲಿಯಲ್ಲಿ ಔಷಧಿ ಪರೀಕ್ಷಿಸುತ್ತೇನೆ' ಎಂದರೆ, ಇಲಿಮರಿಗಳು ಹುಟ್ಟುವ ಮೊದಲೇ ಸತ್ತರೆ ಪಿಎಚ್‌ಡಿ ಕಥೆ ಏನು? ಎರಡನೇ ಗುರಿಯನ್ನು ರೋಗಿಗಳ ಕೂಡಿಟ್ಟ ಮಾದರಿಗಳ ಮೇಲೆ ಸ್ವತಂತ್ರವಾಗಿ ನಡೆಯುವಂತೆ ಕಟ್ಟಬೇಕು. 2025ರ ಜನವರಿಯಿಂದ ಪರಿಶೀಲನೆಯ ಮಾನದಂಡಗಳು ಮೂರಕ್ಕೆ ಇಳಿದಿವೆ: ಅಭ್ಯರ್ಥಿಯ ಸಿದ್ಧತೆ ಮತ್ತು ಸಾಮರ್ಥ್ಯ, ಸಂಶೋಧನೆಯ ವಿಜ್ಞಾನ ಮತ್ತು ಅದಕ್ಕಿರುವ ಸೌಲಭ್ಯ, ತರಬೇತಿ ಯೋಜನೆ ಮತ್ತು ಅದಕ್ಕಿರುವ ಸೌಲಭ್ಯ. ಅಂಕಪಟ್ಟಿ ಲಗತ್ತಿಸುವ ಪದ್ಧತಿಯನ್ನೇ ತೆಗೆದಿದ್ದಾರೆ. ಆದ್ದರಿಂದ 'ಮಗಳು ಯಾವಾಗಲೂ ಫಸ್ಟ್ ಕ್ಲಾಸು' ಎಂಬ ಸಮಾಧಾನ ಇಲ್ಲಿ ಉಪಯೋಗಕ್ಕಿಲ್ಲ. ಪಿಎಚ್‌ಡಿ ಮುಗಿಸಿ ವಾರ್ಡಿಗೆ ಮರಳುವಾಗ ಆ ಎರಡು ಲೋಕಗಳ ನಡುವೆ ಹೇಗೆ ಓಡಾಡುತ್ತಾಳೆ, ಲ್ಯಾಬ್ ವರ್ಷಗಳಲ್ಲಿ ವಾರಕ್ಕೆ ಎಷ್ಟು ಹೊತ್ತು ಕ್ಲಿನಿಕ್‌ನಲ್ಲಿರುತ್ತಾಳೆ ಎಂಬುದನ್ನು ದಿನ, ಗಂಟೆ ಸಮೇತ ಬರೆಯಬೇಕು.

ಶಿಫಾರಸು ಪತ್ರಗಳು ಮೂರರಿಂದ ಐದು. ಅವನ್ನು ಬರೆದವರೇ ನೇರವಾಗಿ ಎನ್‌ಐಎಚ್ ಜಾಲದಲ್ಲಿ ಏರಿಸಬೇಕು, ಅದೂ ಅರ್ಜಿಯ ಗಡುವಿನೊಳಗೆ. ಗೈಡ್ ಬರೆದದ್ದು ಈ ಲೆಕ್ಕಕ್ಕೆ ಬರುವುದಿಲ್ಲ. ಎರಡೇ ಪತ್ರ ತಲುಪಿದರೆ ಅರ್ಜಿ ಪರಿಶೀಲನೆಗೇ ಹೋಗದೆ ವಾಪಸಾಗಬಹುದು.

ಪ್ರಶ್ನೆ: ಫೆಲೋಶಿಪ್ ಹಣಕ್ಕೆ ತೆರಿಗೆ ಇದೆಯೇ? ನಮ್ಮ ಕಚೇರಿ ಟಿಡಿಎಸ್ ಹಿಡಿದಿದೆ.
— ಸಂಶೋಧನಾ ವಿದ್ಯಾರ್ಥಿ, ಹೆಬ್ಬಾಳ

ಉತ್ತರ: ಓದಿನ ಖರ್ಚಿಗೆಂದು ಕೊಡುವ ವಿದ್ಯಾರ್ಥಿವೇತನಕ್ಕೆ ಆದಾಯ ತೆರಿಗೆ ಕಾಯ್ದೆಯಲ್ಲಿ ವಿನಾಯಿತಿ ಇದೆ (1961ರ ಕಾಯ್ದೆಯಲ್ಲಿ ಅದು ಕಲಂ 10(16)). ಜೆಆರ್‌ಎಫ್ ಇದರಡಿ ಬರುತ್ತದೆ. ಹಿಡಿದ ಟಿಡಿಎಸ್ ರಿಟರ್ನ್ ಸಲ್ಲಿಸಿದರೆ ವಾಪಸ್ ಸಿಗುತ್ತದೆ. ಮಂಜೂರಾತಿ ಪತ್ರ ಇಟ್ಟುಕೊಂಡಿರಿ. ಪ್ರಾಜೆಕ್ಟ್ ಹುದ್ದೆಯ ಸಂಬಳಕ್ಕೂ ರೆಸಿಡೆಂಟ್ ಡ್ಯೂಟಿಯ ಸ್ಟೈಪೆಂಡಿಗೂ ಇದೇ ವಾದ ಹೂಡುವ ಮೊದಲು ಆಡಿಟರನ್ನು ಕೇಳಿ.

ಪ್ರಶ್ನೆ: ಎಂಡಿ ಆಗಿ ಖಾಸಗಿ ಆಸ್ಪತ್ರೆಯಲ್ಲಿದ್ದೇನೆ, ಇಂಡಿಯಾ ಅಲೈಯನ್ಸ್‌ಗೆ ಅರ್ಜಿ ಹಾಕಬಹುದೇ? ಫೆಲೋಶಿಪ್ ನಡುವೆ ಹೆರಿಗೆ ರಜೆ ಬಂದರೆ ಏನು ಮಾಡುವುದು?
— ವೈದ್ಯೆ, ಜೆ.ಪಿ. ನಗರ

ಉತ್ತರ: ಇಂಡಿಯಾ ಅಲೈಯನ್ಸ್ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ ಮತ್ತು ಬ್ರಿಟನ್ನಿನ ವೆಲ್‌ಕಮ್ ಸೇರಿ 2008ರಲ್ಲಿ ಕಟ್ಟಿದ್ದು. ಕ್ಲಿನಿಕಲ್ ಮತ್ತು ಸಾರ್ವಜನಿಕ ಆರೋಗ್ಯ ವಿಭಾಗದಲ್ಲಿ ಅರ್ಜಿ ಹಾಕಲು ಪಿಎಚ್‌ಡಿ ಇರಲೇಬೇಕೆಂದಿಲ್ಲ. ಆದರೆ ನಿಮಗೆ ನೆಲೆ ಕೊಡುವ ಸಂಸ್ಥೆ ಲಾಭದ ಉದ್ದೇಶವಿಲ್ಲದ್ದಾಗಿರಬೇಕು. ನಿಮ್ಮ ಆಸ್ಪತ್ರೆ ಕಂಪನಿಯಾಗಿ ನೋಂದಣಿಯಾಗಿದ್ದು ಪಕ್ಕದಲ್ಲಿ ಅದರದೇ ಸಂಶೋಧನಾ ಟ್ರಸ್ಟ್ ಇದ್ದರೆ, ಆ ಟ್ರಸ್ಟ್ ಹೆಸರಿನಲ್ಲಿ ಹೋಗಬಹುದೇ ಎಂದು ಮೊದಲೇ ಬರೆದು ಕೇಳಿ.

ಕ್ಲಿನಿಕ್‌ನವರ ಅರ್ಜಿ ಸೋಲುವುದು ಬಹುಪಾಲು ಸಮಯದ ವಿಷಯದಲ್ಲಿ. ಮುಖ್ಯಸ್ಥರು 'ಸಂಪೂರ್ಣ ಸಹಕಾರ ನೀಡುತ್ತೇವೆ' ಎಂದು ಸಹಿ ಮಾಡಿಕೊಡುತ್ತಾರೆ. ಅದು ಶುಭಾಶಯ ಪತ್ರ, ಬದ್ಧತಾ ಪತ್ರವಲ್ಲ. 'ಇವರಿಗೆ ಸೋಮವಾರ, ಗುರುವಾರ ಮಾತ್ರ ಒಪಿಡಿ. ಉಳಿದ ನಾಲ್ಕು ದಿನ ಸಂಶೋಧನೆ. ರಾತ್ರಿ ಕಾಲ್ ತಿಂಗಳಿಗೆ ಎರಡಕ್ಕಿಂತ ಹೆಚ್ಚಿಲ್ಲ. ಇವರ ಜಾಗದಲ್ಲಿ ಇಂಥ ಹುದ್ದೆಯವರು ರೋಗಿ ನೋಡುತ್ತಾರೆ' ಎಂಬಷ್ಟು ಬಿಡಿಸಿ ಬರೆಸಿಕೊಳ್ಳಿ. ಸಂದರ್ಶನದಲ್ಲಿ ಕೇಳುವುದೂ ಇದನ್ನೇ.

ಹೆರಿಗೆ ರಜೆಯ ಬಗ್ಗೆ: ಮುಂದೆ ಪಿಎಚ್‌ಡಿಗೆ ನೋಂದಾಯಿಸಿದರೆ ಯುಜಿಸಿಯ 2022ರ ನಿಯಮ ಅನ್ವಯಿಸುತ್ತದೆ. ಇಡೀ ಅವಧಿಯಲ್ಲಿ 240 ದಿನದವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ. ಆರು ವರ್ಷದ ಮಿತಿಯ ಮೇಲೆ ಮರುನೋಂದಣಿಯಿಂದ ಎರಡು ವರ್ಷ, ಮಹಿಳೆಯರಿಗೆ ಇನ್ನೆರಡು ವರ್ಷ ಸಡಿಲಿಕೆ ಇದೆ. ಇದೆಲ್ಲ ಸಮಯದ ಸಡಿಲಿಕೆ ಮಾತ್ರ. ಯುಜಿಸಿ ಜೆಆರ್‌ಎಫ್ ಇದ್ದರೆ ಹೆರಿಗೆ ರಜೆಯಲ್ಲಿ ಪೂರ್ತಿ ಫೆಲೋಶಿಪ್ ಬರುತ್ತದೆ, ಆದರೆ ಆ ತಿಂಗಳುಗಳೂ ಐದು ವರ್ಷದ ಲೆಕ್ಕದೊಳಗೇ ಎಣಿಕೆಯಾಗುತ್ತವೆಯೇ ಎಂಬುದನ್ನು ರಜೆ ಹಾಕುವ ಮುಂಚೆ ಲಿಖಿತವಾಗಿ ಕೇಳಿ ಪಡೆಯಿರಿ. ರಜೆ ಅರ್ಜಿಯನ್ನು ಗೈಡ್, ವಿಭಾಗ, ಕುಲಸಚಿವರ ಕಚೇರಿ ಮೂರರಲ್ಲೂ ಸ್ವೀಕೃತಿ ಮುದ್ರೆ ಹಾಕಿಸಿ ಒಂದು ಪ್ರತಿ ಮನೆಯಲ್ಲಿಡಿ. ಮರಳಿ ಸೇರಿದ ದಿನ ಸೇರ್ಪಡೆ ಪತ್ರ ಕೊಡುವುದನ್ನು ಮರೆತವರ ಹಣ ತಿಂಗಳುಗಟ್ಟಲೆ ನಿಂತುಹೋಗುತ್ತದೆ, ಏಕೆಂದರೆ ಪೋರ್ಟಲ್ ಪ್ರಕಾರ ಅವರು ಇನ್ನೂ ರಜೆಯಲ್ಲೇ ಇರುತ್ತಾರೆ.